ತುಟಿ ಯಾರದು, ದನಿ ಯಾರದು

ನಾವು ಕೂರುವ ಬಾರಿನಲ್ಲಿ ಟಿವಿಗೆ ದನಿ ಇಲ್ಲ. ಹನುಮಂತನಗರದ ಒಳರಸ್ತೆಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಹಳೇ ಬಾರು ಅದು. ಮೂಲೆಯಲ್ಲಿ ಸೀಲಿಂಗಿಗೆ ತಲೆ ತಾಗಿಸಿಕೊಂಡು ಒಂದು ಟಿವಿ ಕೂತಿದೆ. ಅದರಲ್ಲಿ ಬೆಳಗಿನಿಂದ ರಾತ್ರಿವರೆಗೂ ಸಿನಿಮಾ ಹಾಡುಗಳು ಓಡುತ್ತಲೇ ಇರುತ್ತವೆ, ಆದರೆ ಮ್ಯೂಟ್. ಯಾಕಪ್ಪಾ ಅಂತ ಸಪ್ಲೈಯರನ್ನು ಒಮ್ಮೆ ಕೇಳಿದೆ. "ಸೌಂಡ್ ಕೊಟ್ರೆ ಕಸ್ಟಮರ್ರೂ ಹಾಡೋಕೆ ಶುರು ಮಾಡ್ತಾರೆ ಸಾರ್, ಆಮೇಲೆ ಪಕ್ಕದ ಟೇಬಲ್ಲಿನವರು ಗಲಾಟೆ ತೆಗೀತಾರೆ" ಅಂದ. ಅನುಭವದ ಮಾತು. ನಾನು ಮತ್ತೆ ಕೇಳಲಿಲ್ಲ.

ಹಾಗಾಗಿ ನಮ್ಮ ಮೂವರದ್ದೊಂದು ಆಟವಿದೆ. ತುಟಿ ಆಡುವುದನ್ನು ನೋಡಿ ಹಾಡು ಯಾವುದು ಅಂತ ಹೇಳಬೇಕು. ಸೋತವರು ಮುಂದಿನ ಪ್ಲೇಟ್ ಕಬಾಬಿಗೆ ದುಡ್ಡು ಕೊಡಬೇಕು. ಮೂವರು ಅಂದರೆ ನಾನು, ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದ ಮೇಷ್ಟ್ರು, ಮತ್ತೆ ಕುಂದಾಪುರ ಕಡೆಯ ನಮ್ಮ ಗೆಳೆಯ. ಇವನು ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಸೌಂಡ್ ಇಂಜಿನಿಯರು. ಮೇಷ್ಟ್ರಿಗೆ ಬಿಸಿನೀರಿನ ಜೊತೆ ರಮ್ಮು, ಇವನಿಗೆ ಬಿಯರು, ನನಗೆ ಒಂದು ನೈಂಟಿ, ನಡುವೆ ಮೂವರಿಗೂ ಸೇರಿ ಕಾಂಗ್ರೆಸ್ ಕಡ್ಲೆಕಾಯಿ. ತಿಂಗಳಿಗೊಂದು ಶನಿವಾರ ಹೀಗೆ ನಡೆಯುತ್ತದೆ.

ಮೊನ್ನೆಯ ಶನಿವಾರ ಹೊರಗೆ ಜೋರು ಮಳೆ. ಟಿವಿಯಲ್ಲಿ ಯಾವುದೋ ಹೊಸ ಹಾಡು, ಹುಡುಗಿ ಹಿಮದ ಮೇಲೆ ತೆಳ್ಳಗಿನ ಸೀರೆ ಉಟ್ಟು ಓಡುತ್ತಿದ್ದಳು. ಯಾರಿಗೂ ಹಾಡು ಗೊತ್ತಾಗಲಿಲ್ಲ. ಇಂಜಿನಿಯರ್ ಮಾತ್ರ ನಗುತ್ತಾ ಹೇಳಿದ, "ತುಟಿ ಅವಳದ್ದು, ಹಾಡು ಇನ್ನೊಬ್ಬಳದ್ದು, ಮಾತು ಮತ್ತೊಬ್ಬಳದ್ದು. ಮಾತು ನಮ್ಮಲ್ಲೇ ಡಬ್ ಆದದ್ದು."

"ಹಾಗಾದ್ರೆ ಈ ಹುಡುಗಿ ಕೊಟ್ಟಿದ್ದೇನೋ?" ಅಂದರು ಮೇಷ್ಟ್ರು.

"ಡೇಟ್ಸ್ ಕೊಟ್ಟಿದ್ದಾಳಲ್ಲ ಮೇಷ್ಟ್ರೇ, ಸಾಲ್ದಾ?"

ಅಲ್ಲಿಂದ ಶುರುವಾದದ್ದು ರಾತ್ರಿ ಬಾರು ಮುಚ್ಚುವವರೆಗೂ ಮುಗಿಯಲಿಲ್ಲ.

ಮೇಷ್ಟ್ರಿಗೆ ಹಳೇ ಹಾಲಿವುಡ್ ಮ್ಯೂಸಿಕಲ್‌ಗಳ ಹುಚ್ಚು. ಹೊರಗೆ ಮಳೆ ಬೇರೆ, ಕೇಳಬೇಕಾ, ನೇರವಾಗಿ 1952ರ 'ಸಿಂಗಿನ್ ಇನ್ ದ ರೇನ್' ಸಿನಿಮಾಕ್ಕೇ ಬಂದರು. ಜೀನ್ ಕೆಲ್ಲಿ ಕೊಡೆ ಮಡಚಿಕೊಂಡು ಮಳೆಯಲ್ಲಿ ಕುಣಿಯುವ ಸಿನಿಮಾ ಅಂತ ಎಲ್ಲರಿಗೂ ಗೊತ್ತು. ಆ ದೃಶ್ಯ ತೆಗೆಯುವಾಗ ಅವನಿಗೆ ಮೈ ಸುಡುವ ಜ್ವರ ಇತ್ತು ಅನ್ನುವುದನ್ನೂ ಸುಮಾರು ಜನ ಕೇಳಿರುತ್ತಾರೆ. ಆದರೆ ಅದರ ಕಥೆಯೇ ದನಿ ಕದಿಯುವ ಕಥೆ. ಮೂಕಿ ಸಿನಿಮಾ ಹೋಗಿ ಟಾಕಿ ಬರುತ್ತಿರುವ ಕಾಲ. ದೊಡ್ಡ ತಾರೆ ಲೀನಾಳ ಮುಖ ಚಂದ, ದನಿ ಮಾತ್ರ ತಗಡು ಕೆರೆದ ಹಾಗೆ. ಹಾಗಾಗಿ ಕ್ಯಾಥಿ ಅನ್ನುವ ಹೊಸ ಹುಡುಗಿಯಿಂದ ಮಾತೂ ಹಾಡೂ ಹೇಳಿಸಿ ಲೀನಾಳ ತುಟಿಗೆ ಅಂಟಿಸುತ್ತಾರೆ. ಕೊನೆಗೆ ತುಂಬಿದ ಸಭೆಯಲ್ಲಿ ಲೀನಾ ಹಾಡುತ್ತಿರುವಾಗ ಹಿಂದಿನ ಪರದೆ ಮೇಲೇಳುತ್ತದೆ, ಮೈಕಿನ ಮುಂದೆ ನಿಂತ ಕ್ಯಾಥಿ ಎಲ್ಲರಿಗೂ ಕಾಣುತ್ತಾಳೆ.

"ಇಲ್ಲಿವರೆಗೆ ಸರಿ" ಅಂತ ಮೇಷ್ಟ್ರು ತಟ್ಟೆಯಿಂದ ಮೂರು ಕಡ್ಲೆಕಾಯಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಲೀನಾ, ಅಂದರೆ ನಟಿ ಜೀನ್ ಹೇಗನ್. ಇನ್ನೊಂದು ಕ್ಯಾಥಿ, ಅಂದರೆ ಡೆಬಿ ರೆನಾಲ್ಡ್ಸ್. ಮೂರನೆಯದ್ದು ಬೆಟ್ಟಿ ನಾಯ್ಸ್, ಇವರು ಸಿನಿಮಾದಲ್ಲಿ ಎಲ್ಲೂ ಕಾಣುವುದಿಲ್ಲ. ಕ್ಯಾಥಿ ಲೀನಾಗೋಸ್ಕರ ಹಾಡುತ್ತಾಳಲ್ಲ, ಆ ಹಾಡಿನಲ್ಲಿ ಕೇಳುವ ದನಿ ಡೆಬಿದಲ್ಲ, ಈ ಬೆಟ್ಟಿ ನಾಯ್ಸ್‌ದು. ಇನ್ನು ಕ್ಯಾಥಿ ಲೀನಾಗೋಸ್ಕರ ಮಾತಾಡುತ್ತಾಳಲ್ಲ, ಆ ಮಾತು ಯಾರದು ಗೊತ್ತಾ? ಜೀನ್ ಹೇಗನ್‌ದೇ! ತಗಡು ದನಿಯ ಪಾತ್ರ ಮಾಡಿದಾಕೆಯ ಸ್ವಂತ ದನಿ ನಿಜಕ್ಕೂ ತುಂಬಾ ಚೆನ್ನಾಗಿತ್ತಂತೆ. ಅಂದರೆ ಲೀನಾಗೆ ದನಿ ಕೊಡುವ ಕ್ಯಾಥಿಗೆ ದನಿ ಕೊಟ್ಟವಳು ಲೀನಾನೇ. ಇಷ್ಟು ಹೇಳುವಷ್ಟರಲ್ಲಿ ಇಂಜಿನಿಯರ್ ಜೀನ್ ಹೇಗನ್ನನ್ನು ತಿಂದುಬಿಟ್ಟಿದ್ದ. ಮೇಷ್ಟ್ರು ಮತ್ತೊಂದು ಕಡ್ಲೆಕಾಯಿ ತೆಗೆದು ಮೊದಲಿಂದ ಹೇಳಬೇಕಾಯಿತು.

ನನಗೆ ಇದರಲ್ಲಿ ಮಜಾ ಅನ್ನಿಸಿದ್ದು ಬೇರೆ. ಸುಳ್ಳನ್ನು ಬಯಲು ಮಾಡುವ ಸಿನಿಮಾ, ಅದರೊಳಗೇ ಅದೇ ಸುಳ್ಳು. ಬೆಟ್ಟಿ ನಾಯ್ಸ್ ಹೆಸರು ಆ ಸಿನಿಮಾದ ಟೈಟಲ್‌ನಲ್ಲಿ ಇಲ್ಲ. ಪರದೆ ಎತ್ತಿ ಕ್ಯಾಥಿಯನ್ನು ತೋರಿಸಿದವರು ಇನ್ನೊಂದು ಪರದೆಯನ್ನು ಎತ್ತಲೇ ಇಲ್ಲ.

ಈ ವ್ಯಾಪಾರದ ರಾಣಿ ಮಾರ್ನಿ ನಿಕ್ಸನ್. 1956ರ 'ದ ಕಿಂಗ್ ಅಂಡ್ ಐ'ನಲ್ಲಿ ಡೆಬೊರಾ ಕೆರ್‌ಗೆ, 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ನಟಾಲಿ ವುಡ್‌ಗೆ, 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರಿ ಹೆಪ್‌ಬರ್ನ್‌ಗೆ ಹಾಡಿದ್ದು ಈಕೆಯೇ. ಮೂರು ದೊಡ್ಡ ಸಿನಿಮಾ, ಮೂವರು ದೊಡ್ಡ ತಾರೆಯರು, ಗಂಟಲು ಒಂದೇ. ಯಾವುದರ ಟೈಟಲ್‌ನಲ್ಲೂ ಹೆಸರಿಲ್ಲ. ಮೊದಲನೆಯದರ ಹೊತ್ತಿಗೆ, ಹೊರಗೆ ಬಾಯಿಬಿಟ್ಟರೆ ಇನ್ನು ಈ ಊರಲ್ಲಿ ಕೆಲಸ ಸಿಗುವುದಿಲ್ಲ ಅಂತ ಹೆದರಿಸಿದ್ದರು ಎಂದು ಅವರೇ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡಿದ್ದಾರೆ. ಗುಟ್ಟು ಬಿಟ್ಟುಕೊಟ್ಟದ್ದು ಡೆಬೊರಾ ಕೆರ್. ಆಯಮ್ಮನಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ನಟಾಲಿ ವುಡ್ ಪಾಡು ಇನ್ನೂ ಕಷ್ಟ. ತಾನು ಹಾಡಿದ್ದೇ ಸಿನಿಮಾದಲ್ಲಿ ಇರುತ್ತದೆ ಅಂತ ನಂಬಿಕೊಂಡು ಶೂಟಿಂಗ್ ಪೂರ್ತಿ ಮುಗಿಸಿದ್ದಳು. ನಿಕ್ಸನ್ ಮುಖ ಜನರಿಗೆ ಮೊದಲ ಸಲ ಕಂಡದ್ದು 1965ರ 'ದ ಸೌಂಡ್ ಆಫ್ ಮ್ಯೂಸಿಕ್'ನಲ್ಲಿ, ಮಠದ ಸನ್ಯಾಸಿನಿಯರ ಗುಂಪಿನಲ್ಲಿ ಒಬ್ಬಳಾಗಿ. ಚಿಕ್ಕ ಪಾತ್ರ. ಆ ಸಿನಿಮಾದ ಕ್ಯಾಪ್ಟನ್, ಕ್ರಿಸ್ಟೋಫರ್ ಪ್ಲಮ್ಮರ್ ಹಾಡಿದ್ದೂ ಬೇರೆಯವರ ಗಂಟಲಿನಿಂದಲೇ, ಹಾಡಿದವರು ಬಿಲ್ ಲೀ.

'ಮೈ ಫೇರ್ ಲೇಡಿ'ಯ ವಿಷಯಕ್ಕೆ ಬಂದರೆ ಮೇಷ್ಟ್ರು ದನಿ ಏರಿಸಿಬಿಡುತ್ತಾರೆ, ಪಕ್ಕದ ಟೇಬಲ್ಲಿನವರು ತಿರುಗಿ ನೋಡುವ ಹಾಗೆ. ನಾಟಕದಲ್ಲಿ ಎಲಿಜಾ ಪಾತ್ರ ಮಾಡಿ ಹೆಸರಾಗಿದ್ದವಳು ಜೂಲಿ ಆಂಡ್ರೂಸ್. ಸಿನಿಮಾಕ್ಕೆ ಬೇಡ ಅಂದರು, ಮುಖ ಇನ್ನೂ ಜನಕ್ಕೆ ಗೊತ್ತಿಲ್ಲ ಅಂತ. ಹಾಡಲು ಬರುವವಳನ್ನು ಬಿಟ್ಟು, ಮುಖ ಗೊತ್ತಿರುವವಳನ್ನು ತಂದು, ಅವಳಿಗೆ ಹಾಡಲು ಇನ್ನೊಬ್ಬಳನ್ನು ಹುಡುಕಿದರು. ಜೂಲಿ ಅದೇ ವರ್ಷ 'ಮೇರಿ ಪಾಪಿನ್ಸ್' ಮಾಡಿ ಆಸ್ಕರ್ ಹೊಡೆದಳು. ಹೆಪ್‌ಬರ್ನ್‌ಗೆ ನಾಮಿನೇಶನ್ನೂ ಸಿಗಲಿಲ್ಲ. "ಇದಕ್ಕೇ ಕಣಯ್ಯಾ ದೇವರಿದ್ದಾನೆ ಅನ್ನೋದು" ಅಂದರು ಮೇಷ್ಟ್ರು. ನಾಸ್ತಿಕರು ಅವರು, ಎರಡನೇ ಪೆಗ್ ಮುಗಿಯುವವರೆಗೆ.

ಇಲ್ಲಿ ಇಂಜಿನಿಯರ್ ಬಾಯಿ ಹಾಕಿದ. ಇಷ್ಟು ಹೊತ್ತು ಸುಮ್ನೆ ಕೇಳುತ್ತಿದ್ದವನು ಬಾಟ್ಲಿ ಪಕ್ಕಕ್ಕಿಟ್ಟು, "ಅಲ್ಲ ಮಾರಾಯ್ರೆ, ಇದರಲ್ಲಿ ಗುಟ್ಟು ಮಾಡುದು ಎಂಥದ್ದು? ನಮ್ಮಲ್ಲಿ ಭಾಗವತರು ಇಲ್ವಾ?" ಅಂದ.

ನಾವಿಬ್ಬರೂ ಒಂದು ಕ್ಷಣ ಏನೂ ಮಾತಾಡಲಿಲ್ಲ. ಅಷ್ಟು ಸರಿಯಾದ ಮಾತು.

ಯಕ್ಷಗಾನದಲ್ಲಿ ವೇಷ ಹಾಕಿದವರು ಕುಣಿಯುತ್ತಾರೆ, ಅರ್ಥ ಹೇಳುತ್ತಾರೆ. ಹಾಡುವುದು ಹಿಂದೆ ಕೂತ ಭಾಗವತರು, ಮದ್ದಲೆ ಚಂಡೆಯವರ ಜೊತೆ. ಪರದೆಯ ಹಿಂದೆ ಅಲ್ಲ, ಎಲ್ಲರ ಕಣ್ಣೆದುರು, ತಲೆಗೆ ಮುಂಡಾಸು ಸುತ್ತಿ, ಕೈಯಲ್ಲಿ ತಾಳ ಹಿಡಿದು. ದ್ರೌಪದಿಗೂ ಅವರೇ, ಕೀಚಕನಿಗೂ ಅವರೇ. ಅಳುವ ಪದ್ಯವೂ ಅವರದ್ದೇ, ಅಳಿಸುವವನ ಪದ್ಯವೂ ಅವರದ್ದೇ. ಇದು ಮೋಸ, ದ್ರೌಪದಿಗೆ ಹಾಡಲು ಬರುವುದಿಲ್ಲ ಅಂತ ಈವರೆಗೆ ಯಾರೂ ಗಲಾಟೆ ಮಾಡಿಲ್ಲ. ಬದಲಿಗೆ ಇವತ್ತಿನ ಆಟಕ್ಕೆ ಭಾಗವತರು ಯಾರು ಅಂತ ಕೇಳಿಕೊಂಡೇ ಮನೆಯಿಂದ ಹೊರಡುವವರಿದ್ದಾರೆ. ಕಾಳಿಂಗ ನಾವಡರ ಹೆಸರು ಕೇಳಿದರೆ ನಮ್ಮ ಗೆಳೆಯನ ಮುಖ ಈಗಲೂ ಬೇರೆ ಆಗುತ್ತದೆ. 1990ರಲ್ಲಿ ಅಪಘಾತದಲ್ಲಿ ಹೋದಾಗ ನಾವಡರಿಗೆ ಇನ್ನೂ ಮೂವತ್ತರ ಆಸುಪಾಸು. ಅವರ ಪದ್ಯ ಕೇಳಲಿಕ್ಕೇ ಗದ್ದೆ ದಾಟಿ ಹೋಗುತ್ತಿದ್ದ ಜನ, ವೇಷಧಾರಿ ಯಾರಿದ್ದರೂ ಸರಿ. ಇವನ ಅಪ್ಪ ಮನೆಯಲ್ಲಿ ಕ್ಯಾಸೆಟ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರಂತೆ. ವೇಷವೇ ಇಲ್ಲದ ಯಕ್ಷಗಾನ.

"ನಿಮ್ಮ ಮಾರ್ನಿ ನಿಕ್ಸನ್ ಬಡಗುತಿಟ್ಟಿನಲ್ಲಿ ಹುಟ್ಟಬೇಕಿತ್ತು" ಅಂದ. "ಪೋಸ್ಟರಿನಲ್ಲಿ ಎಲ್ಲರಿಗಿಂತ ಮೇಲೆ ಹೆಸರು ಹಾಕ್ತಿದ್ರು."

ಸಿನಿಮಾದ ಮಟ್ಟಿಗೂ ನಾವು ಅವರಿಗಿಂತ ವಾಸಿ ಅಂತ ನನಗೆ ಅನ್ನಿಸುತ್ತದೆ. ನಾನು ಬೆಳೆದದ್ದು ರೇಡಿಯೋ ಕೇಳಿಕೊಂಡು. ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಹಾಡಿದವರು ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ. ಇಷ್ಟೂ ಹೇಳಿಯೇ ಹಾಡು ಹಾಕುತ್ತಿದ್ದರು. ನಟರ ಹೆಸರು ಹೇಳುತ್ತಲೇ ಇರಲಿಲ್ಲ! ನಮ್ಮಮ್ಮನಿಗೆ ಎಷ್ಟೋ ಹಾಡುಗಳನ್ನು ಹಾಡಿದವರು ಗೊತ್ತು, ಆ ಸಿನಿಮಾದಲ್ಲಿ ಕುಣಿದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಆದರೆ ನಾವೂ ಮೊದಲಿಂದ ಸಾಚಾ ಏನಲ್ಲ. 1934ರ 'ಸತಿ ಸುಲೋಚನ', ಅಂದರೆ ಕನ್ನಡದ ಮೊದಲ ಟಾಕಿಯ ಕಾಲಕ್ಕೆ ನಟರೇ ಹಾಡುತ್ತಿದ್ದರು. ಸುಬ್ಬಯ್ಯ ನಾಯ್ಡು ಥರದವರು ನಾಟಕದ ಕಂಪನಿಯಿಂದ ಬಂದವರು, ಕೊನೇ ಬೆಂಚಿಗೂ ಕೇಳುವ ಕಂಠ. ಹಿನ್ನೆಲೆ ಗಾಯನ ಬಂದದ್ದು ಆಮೇಲೆ. ಬಂದ ಹೊಸದರಲ್ಲಿ ಹಿಂದಿಯವರೂ ಗಾಯಕರ ಹೆಸರು ನುಂಗುತ್ತಿದ್ದರು. 1949ರ 'ಮಹಲ್' ಸಿನಿಮಾದ ಆ ಪ್ರಸಿದ್ಧ ಹಾಡಿನ ಗ್ರಾಮಫೋನ್ ಪ್ಲೇಟಿನ ಮೇಲೆ ಹಾಡಿದವರು ಅನ್ನುವ ಕಡೆ 'ಕಾಮಿನಿ' ಅಂತ ಬರೆದಿತ್ತು. ಕಾಮಿನಿ ಅನ್ನುವುದು ಪಾತ್ರದ ಹೆಸರು. ಹಾಡಿದ್ದು ಲತಾ ಮಂಗೇಶ್ಕರ್.

ಮತ್ತೆ ರಾಜಕುಮಾರ್ ವಿಷಯ ಬರದೆ ಬೆಂಗಳೂರಿನ ಯಾವ ಬಾರಿನಲ್ಲೂ ಸಿನಿಮಾ ಮಾತು ಮುಗಿಯುವುದಿಲ್ಲ, ಅಲ್ವಾ? ಗುಬ್ಬಿ ಕಂಪನಿಯಲ್ಲಿ ಹಾಡಿಕೊಂಡೇ ಬೆಳೆದವರು. ಸಿನಿಮಾದಲ್ಲಿ ಮಾತ್ರ ಎರಡು ದಶಕ ಅವರ ತುಟಿಗೆ ಹೆಚ್ಚಾಗಿ ದನಿ ಕೊಟ್ಟದ್ದು ಪಿ.ಬಿ. ಶ್ರೀನಿವಾಸ್. ಆ ಜೋಡಿ ಎಷ್ಟು ಹೊಂದಿಕೊಂಡಿತ್ತು ಅಂದರೆ, ಪಿಬಿಎಸ್ ವೇದಿಕೆಯ ಮೇಲೆ ಹಾಡಿದರೂ ಜನರ ಕಣ್ಣಿಗೆ ರಾಜಕುಮಾರೇ ಕಾಣುತ್ತಿದ್ದರು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂತು ತಾವೇ ಹಾಡಿದ ಮೇಲೆ ದನಿಯೂ ಅವರದ್ದೇ ಆಯಿತು. ನಟನೆಗೆ ರಾಷ್ಟ್ರಪ್ರಶಸ್ತಿ ಅವರಿಗೆ ಯಾವತ್ತೂ ಬರಲಿಲ್ಲ. ಬಂದದ್ದು ಹಾಡಿಗೆ, 1992ರ 'ಜೀವನ ಚೈತ್ರ'ಕ್ಕೆ, ಅತ್ಯುತ್ತಮ ಹಿನ್ನೆಲೆ ಗಾಯಕ ಅಂತ. ಹಾಡಿದ್ದು ತಮ್ಮದೇ ತುಟಿಗೆ. ಇದನ್ನು ಹೇಳಿದಾಗ ಸಪ್ಲೈಯರೂ ನಿಂತು ಕೇಳಿಸಿಕೊಂಡ.

ಈಚಿನ ಮ್ಯೂಸಿಕಲ್‌ಗಳ ಕಡೆ ಮಾತು ತಿರುಗಿದಾಗ ಮೇಷ್ಟ್ರು ಮತ್ತು ಇಂಜಿನಿಯರ್ ನಡುವೆ ಸಣ್ಣ ಜಟಾಪಟಿ ಆಯಿತು. ಈಗ ಅಲ್ಲಿ ಗಾಳಿ ಉಲ್ಟಾ ಬೀಸುತ್ತಿದೆ. ನಾವೇ ಹಾಡಿದ್ದೇವೆ, ಅದೂ ಕ್ಯಾಮೆರಾ ಮುಂದೆ ಲೈವ್ ಹಾಡಿದ್ದೇವೆ ಅಂತ ಹೇಳಿಕೊಳ್ಳುವುದೇ ಒಂದು ಪ್ರಚಾರ. 2012ರ 'ಲೆ ಮಿಸರಾಬ್ಲ್'ನಲ್ಲಿ ನಟರ ಕಿವಿಯೊಳಗೆ ಕಾಣದ ಹಾಗೆ ಒಂದು ಇಯರ್‌ಪೀಸು, ಸೆಟ್ಟಿನ ಪಕ್ಕದಲ್ಲಿ ಪಿಯಾನೋ ನುಡಿಸುವವರು ಕೂತು ನಟರ ಉಸಿರಿಗೆ ತಕ್ಕ ಹಾಗೆ ನುಡಿಸುತ್ತಿದ್ದರು. ಆರ್ಕೆಸ್ಟ್ರಾ ಸೇರಿಸಿದ್ದು ಆಮೇಲೆ. ಬಟ್ಟೆಯ ಮೇಲೆ ಸಿಕ್ಕಿಸಿದ ಮೈಕುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದರಂತೆ. ಇದನ್ನು ಹೇಳುವಾಗ ನಮ್ಮ ಇಂಜಿನಿಯರನ ಕಣ್ಣಲ್ಲಿ ನೀರೊಂದು ಬರುವುದು ಬಾಕಿ. 2024ರ 'ವಿಕೆಡ್'ನಲ್ಲಿ ಸಿಂಥಿಯಾ ಎರಿವೋ ಹಗ್ಗಕ್ಕೆ ನೇತುಬಿದ್ದು ಗಾಳಿಯಲ್ಲಿ ಹಾರಾಡುತ್ತಲೇ ಹಾಡಿದ್ದು ಅವನ ಪ್ರಕಾರ ಹುಡುಗಾಟದ ಮಾತಲ್ಲ. "ನೀವು ಸ್ಕೂಟರ್ ಮೇಲೆ ಕೂತು ಎರಡು ಸಾಲು ಹಾಡಿ ನೋಡುವಾ!"

ಮೇಷ್ಟ್ರು ಒಪ್ಪಲಿಲ್ಲ. ಇದೇನು ಹೊಸದಲ್ಲ ಅಂದರು. 'ಮೈ ಫೇರ್ ಲೇಡಿ'ಯಲ್ಲೇ ರೆಕ್ಸ್ ಹ್ಯಾರಿಸನ್ ಒಂದು ಸಲ ಹಾಡಿದ ಹಾಗೆ ಇನ್ನೊಂದು ಸಲ ಹಾಡಲಾರೆ ಅಂತ ಹಟ ಹಿಡಿದು, ಟೈ ಒಳಗೆ ವೈರ್‌ಲೆಸ್ ಮೈಕ್ ಸಿಕ್ಕಿಸಿಕೊಂಡು ಅಲ್ಲೇ ಹಾಡಿದ. ಹಾಡಿದ ಅಂದರೆ ಅರ್ಧ ಮಾತು, ಅರ್ಧ ರಾಗ. ಅವನಿಗೆ ಹಾಡಲು ಬರುತ್ತಲೇ ಇರಲಿಲ್ಲ, ಆದರೆ ಆ ಸೊಕ್ಕಿನ ಪ್ರೊಫೆಸರನಿಗೆ ಅದೇ ಸರಿ.

ನನ್ನ ಅಭಿಪ್ರಾಯ ಕೇಳಿದರೆ ಇಬ್ಬರದ್ದೂ ಅರ್ಧ ಸರಿ. 'ಲೆ ಮಿಸರಾಬ್ಲ್'ನಲ್ಲಿ ಆ್ಯನ್ ಹ್ಯಾಥವೇ ಕಟ್ ಇಲ್ಲದೆ ಒಂದೇ ಉಸಿರಿಗೆ ಅತ್ತುಕೊಂಡು ಹಾಡುವಾಗ ದನಿ ಒಡೆಯುತ್ತದಲ್ಲ, ಅದನ್ನು ಸ್ಟುಡಿಯೋದಲ್ಲಿ ತೆಗೆಯೋಕಾಗಲ್ಲ. ಅದೇ ಸಿನಿಮಾದಲ್ಲಿ ರಸೆಲ್ ಕ್ರೋ ಹಾಡುವಾಗ ಮಾರ್ನಿ ನಿಕ್ಸನ್ ಅವರ ತಮ್ಮ ಯಾರಾದರೂ ಇರಬಾರದಿತ್ತಾ ಅನ್ನಿಸಿತು. ಲೈವ್ ಅಂದ ಮಾತ್ರಕ್ಕೆ ಹಾಡಾಗಲ್ಲ.

ಇನ್ನೊಂದು ವಿಚಿತ್ರ ಅಂದರೆ ಈಗ ಅಲ್ಲಿ ಮ್ಯೂಸಿಕಲ್ ತೆಗೆದವರೇ ಅದು ಮ್ಯೂಸಿಕಲ್ ಅಂತ ಹೇಳಲು ಹೆದರುತ್ತಾರೆ. 2023ರ 'ವೋಂಕಾ', 2024ರ 'ಮೀನ್ ಗರ್ಲ್ಸ್', ಇವುಗಳ ಟ್ರೈಲರ್ ನೋಡಿದರೆ ಪಾತ್ರಗಳು ಹಾಡುತ್ತವೆ ಅಂತ ಗೊತ್ತೇ ಆಗುವುದಿಲ್ಲ. ಹಾಡಿದೆ ಅಂತ ಗೊತ್ತಾದರೆ ಜನ ಬರುವುದಿಲ್ಲ ಅಂತ ಭಯ. ನಮ್ಮಲ್ಲಿ ಹಾಡು ಮೊದಲು ಬಂದು, ಊರೆಲ್ಲಾ ಸುತ್ತಿ, ಆಟೋದಲ್ಲಿ ಕೇಳಿ ಕೇಳಿ ಸವೆದ ಮೇಲೆ ಸಿನಿಮಾ ಬರುತ್ತದೆ.

ಹಾಗಂತ ನಮ್ಮವು ಮ್ಯೂಸಿಕಲ್‌ಗಳಾ? ನಾನು ಚಿಕ್ಕವನಿದ್ದಾಗ ಚನ್ನರಾಯಪಟ್ಟಣದ ಕಡೆ ಟೂರಿಂಗ್ ಟಾಕೀಸಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಮೈಕಿನಲ್ಲಿ ಬಂತು ಅಂದರೆ ಆಟ ಶುರು ಅಂತ ಅರ್ಥ. ಓಡಿ ಹೋಗಿ ನೆಲದ ಮೇಲೆ ಮರಳು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದೆವು. ಸಿನಿಮಾದಲ್ಲಿ ಹಾಡು ಬಂದ ತಕ್ಷಣ ಗಂಡಸರು ಬೀಡಿ ಸೇದೋಕೆ ಎದ್ದು ಹೋಗುತ್ತಿದ್ದರು. ಐದು ನಿಮಿಷ ಬಿಟ್ಟು ಬಂದರೆ ಕಥೆ ಅಲ್ಲೇ ಇರುತ್ತಿತ್ತು, ಕಾದು ಕೂತ ನೆಂಟರ ಹಾಗೆ. ಮ್ಯೂಸಿಕಲ್ ಅಂದರೆ ಹಾಡಿನ ಹೊತ್ತಿಗೆ ಎದ್ದು ಹೋದರೆ ಕಥೆ ಕೈತಪ್ಪಬೇಕು. ಆ ಲೆಕ್ಕಕ್ಕೆ ನನಗೆ ನೆನಪಾಗುವ ಕನ್ನಡ ಸಿನಿಮಾ 1987ರ 'ಪ್ರೇಮಲೋಕ'. ಎಳೆ 'ಗ್ರೀಸ್ 2' ಅನ್ನುವ ಅಮೆರಿಕದ ಸಿನಿಮಾದ್ದು, ಅಲ್ಲಿ ಅದು ಓಡಲಿಲ್ಲ. ಹಂಸಲೇಖ ಕೈಗೆ ಬಂದ ಮೇಲೆ ಕಾಲೇಜು ಹುಡುಗರ ಮಾತೇ ಹಾಡಾಯಿತು. ಛೇಡಿಸುವುದೂ ಹಾಡು, ಜಗಳವೂ ಹಾಡು, ಬೈಕ್ ಕಲಿಸಿಕೊಡು ಅಂತ ಕೇಳುವುದೂ ಹಾಡು. ಬೀಡಿಗೆ ಹೋದವನು ಕೆಟ್ಟ.

ನನಗೆ ಎಲ್ಲಕ್ಕಿಂತ ಇಷ್ಟವಾದ ಮ್ಯೂಸಿಕಲ್ ಹಾಲಿವುಡ್‌ದಲ್ಲ, ಫ್ರಾನ್ಸಿನದ್ದು. ಮೇಷ್ಟ್ರು ಕೊಟ್ಟ ಡಿವಿಡಿಯಲ್ಲಿ ನೋಡಿದೆ, ಇನ್ನೂ ವಾಪಸ್ ಕೊಟ್ಟಿಲ್ಲ. 1964ರ 'ದಿ ಅಂಬ್ರೆಲಾಸ್ ಆಫ್ ಶೆರ್ಬೂರ್'. ಅದರಲ್ಲಿ ಮಾತು ಅನ್ನುವುದೇ ಇಲ್ಲ, ಪ್ರತಿಯೊಂದು ಸಾಲೂ ಹಾಡು. ಕೊಡೆ ಅಂಗಡಿಯ ಹುಡುಗಿ, ಗ್ಯಾರೇಜಿನ ಹುಡುಗ, ಅವನು ಅಲ್ಜೀರಿಯಾಕ್ಕೆ ಸೈನಿಕನಾಗಿ ಹೋಗುತ್ತಾನೆ, ಇವಳು ಬೇರೆಯವನನ್ನು ಮದುವೆಯಾಗುತ್ತಾಳೆ. ವರ್ಷಗಳಾದ ಮೇಲೆ ಕ್ರಿಸ್‌ಮಸ್ ರಾತ್ರಿ, ಹಿಮ ಬೀಳುತ್ತಿರುವಾಗ, ಅವಳ ಕಾರು ಅವನ ಪೆಟ್ರೋಲ್ ಬಂಕಿಗೇ ಬಂದು ನಿಲ್ಲುತ್ತದೆ. ಇಬ್ಬರೂ ಒಳಗೆ ಹೋಗಿ ಎದುರುಬದುರು ನಿಂತಿರುತ್ತಾರೆ. ಏನು ಮಾತಾಡಬೇಕು ಅಂತ ಇಬ್ಬರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಬಂಕಿನ ಹುಡುಗ ಬಂದು ಕೇಳುತ್ತಾನೆ, ಸೂಪರ್ ಹಾಕ್ಲಾ, ಆರ್ಡಿನರಿ ಹಾಕ್ಲಾ ಅಂತ. ಅದೂ ಹಾಡಿನಲ್ಲೇ. ಬೇರೆ ಯಾವ ಸಿನಿಮಾದಲ್ಲೂ ಪೆಟ್ರೋಲಿನ ಮಾತು ಕೇಳಿ ನನ್ನ ಗಂಟಲು ಕಟ್ಟಿಲ್ಲ.

"ಆ ಹುಡುಗಿ ಕ್ಯಾಥರೀನ್ ದನೂವ್ ಅಲ್ವಾ? ಹಾಡಿದ್ದು ಅವಳಲ್ಲ, ಡೇನಿಯಲ್ ಲಿಕಾರಿ" ಅಂದರು ಮೇಷ್ಟ್ರು. ನನಗದು ಗೊತ್ತಿರಲಿಲ್ಲ. ಸ್ವಲ್ಪ ಬೇಜಾರೇ ಆಯಿತು. ಇಷ್ಟು ಹೊತ್ತು ಭಾಗವತರನ್ನು ಒಪ್ಪಿಕೊಂಡವನಿಗೆ ಬೇಜಾರು ಯಾಕೆ ಅಂತ ಇಂಜಿನಿಯರ್ ಕೇಳಿದ.

ಆಗ ಯಾರಿಗೂ ಹೇಳದ ಒಂದು ಕಥೆ ಹೇಳಿದೆ. ಆರನೇ ಕ್ಲಾಸಿನಲ್ಲಿ ನನ್ನ ದನಿ ಚೆನ್ನಾಗಿತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ಕೃಷ್ಣನ ಪಾತ್ರಕ್ಕೆ ಊರಿನ ದೊಡ್ಡ ಮನೆಯ ಹುಡುಗನನ್ನು ಹಾಕಿದರು, ಬೆಳ್ಳಗೆ ದುಂಡಗೆ ಇದ್ದ. ನನ್ನನ್ನು ಪರದೆ ಹಿಂದೆ, ಹಾರ್ಮೋನಿಯಂ ಮೇಷ್ಟ್ರ ಪಕ್ಕ ನಿಲ್ಲಿಸಿದರು. ಪರದೆ ಅಂದರೆ ನೀಲಿ ಜಮಖಾನ. ಅದರಲ್ಲೊಂದು ಇಲಿ ಕಡಿದ ತೂತು ಇತ್ತು, ಅದರಲ್ಲಿ ಅವನ ಬೆನ್ನು ನೋಡಿಕೊಂಡು ಹಾಡಿದೆ. ಜನ ಒನ್ಸ್ ಮೋರ್ ಅಂದರು. ಮತ್ತೆ ಹಾಡಿದೆ. ಕೊನೆಗೆ ಅವನಿಗೆ ಒಂದು ಸ್ಟೀಲ್ ಲೋಟ ಬಹುಮಾನ ಬಂತು. ಮಾರನೆಯ ದಿನ ಆ ಹುಡುಗ ಅದರಲ್ಲೇ ನೀರು ತಂದು ಕ್ಲಾಸಿನಲ್ಲಿ ಕುಡಿದ. ಕೊಳಲು ಹಿಡಿದು ಚೆನ್ನಾಗಿಯೇ ನಿಂತಿದ್ದ, ಇಲ್ಲ ಅನ್ನಲಾರೆ.

"ಲೋಟದ ಮೇಲೆ ಹೆಸರು ಕೆತ್ತಿಸಿದ್ರಾ?" ಅಂತ ಕೇಳಿದರು ಮೇಷ್ಟ್ರು. ಕೆತ್ತಿಸಿದ್ದರು.

ಹನ್ನೊಂದು ಗಂಟೆಗೆ ಬಿಲ್ಲು ಕೊಟ್ಟು ಕೆಳಗಿಳಿದಾಗ ಮಳೆ ತೂರುತ್ತಿತ್ತು. ಮುಚ್ಚಿದ ಹಾರ್ಡ್‌ವೇರ್ ಅಂಗಡಿಯ ಶೀಟಿನ ಕೆಳಗೆ ನಿಂತೆವು. ಇಂಜಿನಿಯರ್ ಬಸ್ಸು ಹಿಡಿಯೋಕೆ ಓಡಿದ. ಆಟೋ ಬರುವವರೆಗೆ ಸುಮ್ನೆ ನಿಲ್ಲೋದೇಕೆ ಅಂತ ನಾನು ಹಳೇ ರಾಜಕುಮಾರ್ ಹಾಡೊಂದನ್ನು ಶುರು ಮಾಡಿದೆ, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು. ಮೇಷ್ಟ್ರು ಕೊಡೆ ಬಿಚ್ಚಿ ಬೀದಿದೀಪದ ಕೆಳಗೆ ಹೋಗಿ ನಿಂತು, ಎದೆ ಮೇಲೆ ಕೈಯಿಟ್ಟು, ನನ್ನ ಹಾಡಿಗೆ ತುಟಿ ಆಡಿಸತೊಡಗಿದರು. ಅರವತ್ತೈದರ ಮನುಷ್ಯ, ಒಂದು ಅಕ್ಷರವೂ ತಪ್ಪಲಿಲ್ಲ. ಅಷ್ಟರಲ್ಲಿ ಆಟೋ ಬಂದು ಅವರ ಮುಂದೆಯೇ ನಿಂತಿತು. ಡ್ರೈವರು ಮೀಟರ್ ಹಾಕುವುದನ್ನೂ ಬಿಟ್ಟು ಚರಣ ಮುಗಿಯುವವರೆಗೆ ಕೇಳಿದ.

"ಏನ್ ಕಂಠ ಸಾರ್ ನಿಮ್ದು! ಅಣ್ಣಾವ್ರು ಹಾಡ್ದಂಗೇ ಆಯ್ತು" ಅಂದ, ಮೇಷ್ಟ್ರನ್ನು ನೋಡಿ.

ಮೇಷ್ಟ್ರು ಕೊಡೆ ಮಡಚಿದರು. "ಏನೋಪ್ಪಾ, ಚಿಕ್ಕಂದಿನಿಂದ ಅಭ್ಯಾಸ" ಅಂತ ಹೇಳಿ ಒಳಗೆ ಕೂತರು.

ದಾರಿಯುದ್ದಕ್ಕೂ ಇಬ್ಬರೂ ಹಳೇ ಹಾಡುಗಳ ಬಗ್ಗೆ ಮಾತಾಡಿಕೊಂಡು ಹೋದರು. ಬಾಡಿಗೆ ಮಾತ್ರ ನನ್ನ ಕೈಯಲ್ಲೇ ಕೊಡಿಸಿದರು.